ಮೂರು ಫ್ಯಾನ್, ನಾಲ್ಕು ಟ್ಯೂಬ್‌ಲೈಟ್

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಪತ್ರಗಳ ಅಂಕಣದಲ್ಲಿ ಬಾಡಿಗೆದಾರರೊಬ್ಬರು ತಮ್ಮ ಗೋಳು ತೋಡಿಕೊಂಡಿದ್ದರು. ಮನೆ ಬಿಡುವಾಗ ಮಾಲೀಕರು ಬಣ್ಣದ ನೆಪ ಹೇಳಿ ಅಡ್ವಾನ್ಸಿನಲ್ಲಿ ಎರಡು ತಿಂಗಳ ಬಾಡಿಗೆ ಮುರಿದುಕೊಂಡರಂತೆ. ಮನೆ ಕಟ್ಟಿಸಿದವರಿಗೆಲ್ಲ ಎದೆಯಲ್ಲಿ ಇಟ್ಟಿಗೆ ಇರುತ್ತದೆ ಎಂದು ಪತ್ರ ಮುಗಿಸಿದ್ದರು. ನಾನೂ ಒಂದು ಮನೆಯ ಮಾಲೀಕಳು. ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಮೈ ಉರಿಯಿತು. ಎರಡನೆಯ ಸಲ ಓದುವಾಗ ಸ್ವಲ್ಪ ನಾಚಿಕೆಯಾಯಿತು. ಎರಡಕ್ಕೂ ಕಾರಣವಿದೆ.

ನಾನು 1983ರಿಂದ 2019ರವರೆಗೆ ಅಂಚೆ ಇಲಾಖೆಯಲ್ಲಿ ದುಡಿದವಳು. ಮೈಸೂರಿನ ಸರಸ್ವತಿಪುರಂನಲ್ಲಿ ನನ್ನ ತಂದೆ 1968ರಲ್ಲಿ ಕಟ್ಟಿಸಿದ ಮಂಗಳೂರು ಹೆಂಚಿನ ಮನೆಯಿದೆ. ಹಿಂಭಾಗದ ಎರಡು ಕೋಣೆಗಳಲ್ಲಿ ನಾನಿದ್ದೇನೆ, ಮುಂಭಾಗವನ್ನು ಬಾಡಿಗೆಗೆ ಕೊಡುತ್ತೇನೆ. ಪಿಂಚಣಿ ಬರುತ್ತದೆ, ಬಾಡಿಗೆ ತಪ್ಪಿದರೆ ಒಲೆ ಹೊತ್ತದ ಸ್ಥಿತಿ ನನ್ನದಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮಾಲೀಕರು ಪತ್ರ ಬರೆದಾಗಲೆಲ್ಲ ತಮ್ಮನ್ನು ಅನಾಥರೆಂದು ಬಿಂಬಿಸಿಕೊಳ್ಳುವ ಚಾಳಿ ಇದೆ.

ಆ ಮನೆಯ ಆಸ್ತಿ ಎಂದರೆ ಅದರ ನೆಲ. ಕೆಂಪು ನೆಲ. ಸಿಮೆಂಟಿಗೆ ರೆಡ್ ಆಕ್ಸೈಡ್ ಪುಡಿ ಬೆರೆಸಿ, ಹಾಸಿದ ಪದರ ಗಟ್ಟಿಯಾಗುವ ಮುನ್ನ ಕರಣೆಯಿಂದ ಒತ್ತಿ ಒತ್ತಿ ತೀಡಿ, ದಿನಗಟ್ಟಲೆ ನೀರು ನಿಲ್ಲಿಸಿ ಹದಗೊಳಿಸಿದ ನೆಲ. ನಾನು ಆಗ ಒಂಬತ್ತು ವರ್ಷದ ಹುಡುಗಿ. ಗಾರೆ ಕೆಲಸದವರು ಮೊಣಕಾಲೂರಿ ಹಿಂದೆ ಹಿಂದೆ ಸರಿಯುತ್ತಾ ಬಾಗಿಲ ತನಕ ಬಂದು ಎದ್ದು ನಿಂತದ್ದು, ಒಂದು ವಾರ ಯಾರೂ ಒಳಗೆ ಕಾಲಿಡಕೂಡದೆಂದು ಅಪ್ಪ ಬಾಗಿಲಿಗೆ ಅಡ್ಡಪಟ್ಟಿ ಕಟ್ಟಿದ್ದು ಇಂದಿಗೂ ಕಣ್ಣಮುಂದಿದೆ. ಅಮ್ಮ ತಿಂಗಳಿಗೊಮ್ಮೆ ತೆಂಗಿನೆಣ್ಣೆ ಮುಟ್ಟಿಸಿದ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಸಂಜೆ ದೀಪ ಹಚ್ಚಿದರೆ ನೆಲದೊಳಗೂ ಒಂದು ದೀಪ ಕಾಣುತ್ತಿತ್ತು.

2023ರ ಜೂನ್‌ನಲ್ಲಿ ಒಂದು ಸಂಸಾರ ಬಂತು. ಗಂಡ, ಹೆಂಡತಿ, ಐದನೆಯ ತರಗತಿಯ ಹುಡುಗ. ತಿಂಗಳಿಗೆ 14,000 ಬಾಡಿಗೆ, ಒಂದು ಲಕ್ಷ ಅಡ್ವಾನ್ಸ್, ಹನ್ನೊಂದು ತಿಂಗಳ ಒಪ್ಪಂದ. ಹನ್ನೊಂದೇ ಏಕೆ ಎಂದು ಹುಡುಗ ಕೇಳಿದ್ದ. ಒಂದು ವರ್ಷ ಮೀರಿದ ಗುತ್ತಿಗೆ ಪತ್ರವನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಬೇಕಾಗುತ್ತದೆ, ಆ ಖರ್ಚು ತಪ್ಪಿಸಲು ನಾವೆಲ್ಲ ಒಂದು ತಿಂಗಳು ಕಡಿಮೆ ಬರೆದುಕೊಳ್ಳುತ್ತೇವೆ ಎಂದು ವಿವರಿಸಿದೆ. 'ಹಾಗಾದರೆ ದೊಡ್ಡವರೂ ತಪ್ಪಿಸಿಕೊಳ್ಳುತ್ತಾರಾ?' ಎಂದ. ಚುರುಕಿನ ಹುಡುಗ.

ಮೊದಲ ಎಂಟು ತಿಂಗಳು ದೂರಲು ಏನೂ ಇರಲಿಲ್ಲ. ಆಮೇಲೆ ಗಂಡನ ಕೆಲಸ ಹೋಯಿತು. ಹೆಂಡತಿ ಸಾಂಬಾರು ಪುಡಿ ಮಾಡಿ ಪರಿಚಿತರಿಗೆ ಮಾರತೊಡಗಿದಳು. ಅದರ ರುಚಿಯ ಬಗ್ಗೆ ಸುಳ್ಳು ಹೇಳಲಾರೆ, ನಾನೇ ತಿಂಗಳಿಗೆ ಕಾಲು ಕೆ.ಜಿ. ಕೊಳ್ಳುತ್ತಿದ್ದೆ. ಬೇಡಿಕೆ ಹೆಚ್ಚಿತು. ಒಂದು ಮಧ್ಯಾಹ್ನ ಗೂಡ್ಸ್ ಆಟೊದಲ್ಲಿ ಎರಡು ಅಶ್ವಶಕ್ತಿಯ ಪುಡಿ ಮಾಡುವ ಯಂತ್ರ ಬಂದು ಇಳಿಯಿತು. ನಾನು ಅಕ್ಕನ ಮನೆಗೆಂದು ಹಾಸನಕ್ಕೆ ಹೋಗಿದ್ದೆ. ನಾಲ್ಕು ದಿನ ಬಿಟ್ಟು ಬರುವಷ್ಟರಲ್ಲಿ ನಡುಮನೆಯ ಕೆಂಪು ನೆಲಕ್ಕೆ ನಾಲ್ಕು ತೂತು ಕೊರೆದು, ಬೋಲ್ಟ್ ಹಾಕಿ, ಯಂತ್ರವನ್ನು ಬಿಗಿದಿದ್ದರು.

ಆ ಯಂತ್ರ ಓಡುವಾಗ ಹಿಂಭಾಗದ ನನ್ನ ಕೋಣೆಯಲ್ಲಿ ಗೋಡೆಗೆ ತೂಗುಹಾಕಿದ್ದ ಅಪ್ಪನ ಫೋಟೊ ಓರೆಯಾಗುತ್ತಿತ್ತು. ಬ್ಯಾಡಗಿ ಮೆಣಸಿನಕಾಯಿ ಹಾಕಿದ ದಿನ ಇಡೀ ಬೀದಿ ಸೀನುತ್ತಿತ್ತು. ಎದುರು ಮನೆಯ ಆಸ್ತಮಾ ಇರುವ ಹಿರಿಯರು ಸೊಸೆಯನ್ನು ನನ್ನ ಬಳಿ ಕಳಿಸಿದರು, ನಾನು ಬಾಡಿಗೆದಾರರ ಬಳಿ ಹೋದೆ, ಅವರು ಹೊಗೆ ಹೊರಹೋಗಲೆಂದು ಅಡುಗೆಮನೆಯ ಕಿಟಕಿಯ ಎರಡು ಸರಳು ಕತ್ತರಿಸಿ ದೊಡ್ಡ ಫ್ಯಾನ್ ಕೂರಿಸಿದರು. ಕೇಳಿದ್ದಕ್ಕೆ, 'ನಿಮ್ಮ ಮಾತಿಗೆ ಬೆಲೆ ಕೊಟ್ಟೇ ಮಾಡಿಸಿದ್ದು' ಎಂಬ ಉತ್ತರ. ದೊಡ್ಡ ಬರ್ನರಿನಲ್ಲಿ ಕೊತ್ತಂಬರಿ ಹುರಿದು ಹುರಿದು ಒಂದು ತೊಲೆಯ ಅಡಿಭಾಗ ಸುಟ್ಟು ಕರಕಲಾಯಿತು. ಬಚ್ಚಲ ಕೊಳವೆಯೊಳಗೆ ಅರಿಸಿನದ ಹೆಂಟೆ ಕಟ್ಟಿಕೊಂಡು ನೀರು ಹಿಂದಕ್ಕೆ ಉಕ್ಕಿತು. ಗೋಡೆಗೆ ಮೆಣಸಿನ ಎಣ್ಣೆಯಂಶ ಎಷ್ಟು ಇಂಗಿತ್ತೆಂದರೆ, ಮನೆ ಖಾಲಿಯಾದ ಮೇಲೆ ಅಲ್ಲಿ ಬೆರಳಿಟ್ಟು ಮರೆತು ಕಣ್ಣೊರೆಸಿಕೊಂಡು ಅರ್ಧ ಗಂಟೆ ನಲ್ಲಿಯ ಕೆಳಗೆ ಮುಖವಿಟ್ಟು ಕೂತಿದ್ದೆ. ಬೋಲ್ಟಿನ ಒಂದು ತೂತಿನಿಂದ ಹೊರಟ ಬಿರುಕು ನೆಲದಲ್ಲಿ ಆರು ಅಡಿ ಓಡಿ ದೇವರ ಗೂಡಿನ ಮುಂದೆ ನಿಂತಿತು.

ವಿದ್ಯುತ್ತಿನದು ಇನ್ನೊಂದು ಕಥೆ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು ಬರುತ್ತಿದ್ದ ಮೀಟರಿಗೆ ಒಂದು ತಿಂಗಳು 2,600 ರೂಪಾಯಿ ದಾಟಿತು. 200 ಯೂನಿಟ್ ಮೀರಿದರೆ ಮೀರಿದ್ದಕ್ಕಷ್ಟೇ ಅಲ್ಲ, ಪೂರ್ತಿ ಬಳಕೆಗೂ ಹಣ ಕಟ್ಟಬೇಕು. ಮೀಟರ್ ಓದಲು ಬಂದ ಹುಡುಗ ಒಳಗಿನ ಸದ್ದು ಕೇಳಿ, 'ಅಮ್ಮ, ಮನೆ ಬಳಕೆಯ ಸಂಪರ್ಕದಲ್ಲಿ ವ್ಯಾಪಾರ ನಡೆಸಿದರೆ ದಂಡ ಬೀಳುವುದು ನಿಮ್ಮ ಹೆಸರಿಗೆ' ಎಂದು ಎಚ್ಚರಿಸಿದ. ನಿಜವೇ. 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಪ್ರಕಾರ ಅನಧಿಕೃತ ಬಳಕೆಗೆ ದುಪ್ಪಟ್ಟು ದರ ಹಾಕಬಹುದು, ಆರ್.ಆರ್. ನಂಬರ್ ಇರುವುದು ನನ್ನ ತಂದೆಯ ಹೆಸರಿನಲ್ಲಿ. ತೀರಿಕೊಂಡು ಇಪ್ಪತ್ತು ವರ್ಷವಾದ ಮನುಷ್ಯನ ಮೇಲೆ ದಂಡ ಬರುವುದನ್ನು ನೆನೆದು ಆ ರಾತ್ರಿ ನಿದ್ದೆ ಬರಲಿಲ್ಲ.

ಯಂತ್ರ ತೆಗೆಯಿರಿ ಎಂದೆ. ಬೇರೆ ಜಾಗ ಸಿಕ್ಕ ತಕ್ಷಣ ಎಂದರು. ಮೂರು ತಿಂಗಳ ಬಳಿಕ ಮನೆ ಬಿಡಿ ಎಂದೆ. 2024ರ ಸೆಪ್ಟೆಂಬರಿನಿಂದ ಬಾಡಿಗೆ ನಿಂತಿತು. 'ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳಿ' ಎಂದರು. ಬಾಡಿಗೆ ಮನೆಗಳ ಲೋಕದಲ್ಲಿ ಇದಕ್ಕಿಂತ ಸಲೀಸಾದ ವಾಕ್ಯ ಇನ್ನೊಂದಿಲ್ಲ. ಹಾನಿಗೆಂದು ಇಟ್ಟುಕೊಂಡ ಹಣ ಬಾಡಿಗೆಯಲ್ಲೇ ಕರಗುತ್ತದೆ, ಹಾನಿ ಹಾಗೆಯೇ ಉಳಿಯುತ್ತದೆ.

ಠಾಣೆಗೆ ಹೋದೆ. ಇದು ಸಿವಿಲ್ ವ್ಯಾಜ್ಯ ಎಂದು ಕುರ್ಚಿ ಕೊಟ್ಟು, ನೀರು ಕೊಟ್ಟು, ಕಳಿಸಿದರು. ಆಮೇಲೆ ಸಲಹೆಗಾರರ ಸಾಲು ಶುರುವಾಯಿತು. ನಲ್ಲಿಯ ನೀರು ನಿಲ್ಲಿಸಿ ಎಂದವರೊಬ್ಬರು. ಅವರು ಊರಿಗೆ ಹೋದಾಗ ಬೀಗ ಬದಲಾಯಿಸಿ ಎಂದವರು ಇನ್ನೊಬ್ಬರು. ನಾಲ್ಕು ಹುಡುಗರನ್ನು ಕಳಿಸುತ್ತೇನೆ, ಒಂದೇ ದಿನದ ಕೆಲಸ ಎಂದ ಮಹಾಶಯರು ಬೆಳಿಗ್ಗೆ ವಾಯುವಿಹಾರದಲ್ಲಿ ನನ್ನ ಜೊತೆ ವಿಷ್ಣು ಸಹಸ್ರನಾಮ ಹೇಳುವವರು. ಸುಳ್ಳೇಕೆ, ನೀರಿನ ವಾಲ್ವ್ ಮೇಲೆ ಒಂದು ಸಂಜೆ ನನ್ನ ಕೈ ಹೋಗಿತ್ತು. ಹುಡುಗ ಅಂಗಳದ ನಲ್ಲಿಯಲ್ಲಿ ಶಾಲೆಯ ಬೂಟು ತೊಳೆಯುತ್ತಿದ್ದ. ಕೈ ತೆಗೆದೆ.

ತೆಗೆದದ್ದು ಒಳ್ಳೆಯದಾಯಿತು ಎಂದು ಆಮೇಲೆ ವಕೀಲೆಯೊಬ್ಬರಿಂದ ತಿಳಿಯಿತು. ಕಾನೂನಿನ ದಾರಿ ಬಿಟ್ಟು ಯಾರನ್ನಾದರೂ ಮನೆಯಿಂದ ಹೊರಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ ಆರು ತಿಂಗಳೊಳಗೆ ದಾವೆ ಹೂಡಿ ಅವರು ಮತ್ತೆ ಒಳಗೆ ಬರಬಹುದು. ಮನೆ ಯಾರದ್ದೆಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಈ ವಕೀಲೆಗೆ ನಾನು ಒಂದು ರೂಪಾಯಿಯನ್ನೂ ಕೊಡಲಿಲ್ಲ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಯಾವುದೇ ಮಹಿಳೆಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. 36 ವರ್ಷ ಸರ್ಕಾರಿ ನೌಕರಿ ಮಾಡಿಯೂ ನನಗೆ ಇದು ಗೊತ್ತಿರಲಿಲ್ಲ. ನಿಮ್ಮ ಓದುಗರಲ್ಲಿ ಒಬ್ಬರಿಗಾದರೂ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ನಮ್ಮ ರಾಜ್ಯದ ಬಾಡಿಗೆ ಕಾಯ್ದೆ 1999ರದ್ದು. ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅದು ದೊಡ್ಡ ನಗರಗಳಲ್ಲೂ ಅನ್ವಯಿಸುವುದಿಲ್ಲ, ಸಣ್ಣ ಊರುಗಳಲ್ಲಿ ಆ ಮಿತಿ 2,000 ಅಷ್ಟೇ. ಇಂದು ಆ ದುಡ್ಡಿಗೆ ಮನೆಯಿರಲಿ, ಕಾರು ನಿಲ್ಲಿಸುವ ಜಾಗ ಸಿಕ್ಕರೆ ಪುಣ್ಯ. ಹಾಗಾಗಿ ನನ್ನ ಪ್ರಕರಣ ನೇರವಾಗಿ 1882ರ ಸ್ವತ್ತು ವರ್ಗಾವಣೆ ಕಾಯ್ದೆಗೆ ಹೋಗಿ ಬಿತ್ತು. ಬ್ರಿಟಿಷರ ಕಾಲದ್ದು, ಏನಿರುತ್ತದೆ ಎಂದುಕೊಂಡಿದ್ದೆ. ವಕೀಲೆ 108ನೇ ಕಲಂ ಓದಿ ಹೇಳಿದಾಗ ಕಣ್ಣರಳಿಸಿ ಕೇಳಿದೆ. ಮನೆಯನ್ನು ವಿವೇಕವುಳ್ಳ ಮನುಷ್ಯ ತನ್ನ ಸ್ವಂತದ್ದನ್ನು ಬಳಸುವ ಹಾಗೆ ಬಳಸಬೇಕು. ಪಡೆದ ಸ್ಥಿತಿಯಲ್ಲೇ ಕಾಪಾಡಿ ಹಿಂದಿರುಗಿಸಬೇಕು, ಸಹಜ ಸವೆತ ಮತ್ತು ತಡೆಯಲಾಗದ ವಿಕೋಪದಿಂದ ಆದದ್ದನ್ನು ಬಿಟ್ಟು. ಬಾಡಿಗೆದಾರನ ಕೃತ್ಯದಿಂದ ಹಾನಿಯಾಗಿದ್ದು ಮಾಲೀಕ ನೋಟಿಸ್ ಕೊಟ್ಟರೆ, ಮೂರು ತಿಂಗಳೊಳಗೆ ಸರಿಪಡಿಸಿಕೊಡಬೇಕು. ಮಾಲೀಕ ಸಕಾಲದಲ್ಲಿ ಒಳಗೆ ಬಂದು ನೋಡಲು ಬಿಡಬೇಕು.

ಸಹಜ ಸವೆತ. ಈ ಎರಡು ಪದಗಳ ಮುಂದೆ ನಾನು ಬಹಳ ಹೊತ್ತು ಕೂತಿದ್ದೆ. ಅದನ್ನು ಆಮೇಲೆ ಹೇಳುತ್ತೇನೆ.

ನೋಟಿಸ್ ಕಳಿಸಿದ್ದು 2024ರ ಅಕ್ಟೋಬರಿನಲ್ಲಿ, ಹದಿನೈದು ದಿನದ ಗಡುವಿನೊಡನೆ, ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಅಂಚೆಯಲ್ಲಿ. (ಆಗಿನ್ನೂ ರಿಜಿಸ್ಟರ್ಡ್ ಅಂಚೆ ಎಂಬುದಿತ್ತು. 2025ರಲ್ಲಿ ಅದನ್ನು ಸ್ಪೀಡ್ ಪೋಸ್ಟಿನೊಳಗೆ ವಿಲೀನ ಮಾಡಿದರು. ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ, ಅದು ಬೇರೆ ಪತ್ರದ ವಿಷಯ.) ನೂರಾರು ಜನರ ಇಂಥ ಲಕೋಟೆಗಳಿಗೆ ನಾನೇ ಮುದ್ರೆ ಒತ್ತಿದ್ದೇನೆ. ನನ್ನದು ಹನ್ನೊಂದನೆಯ ದಿನ ಹಿಂದಕ್ಕೆ ಬಂತು. ಮೇಲೆ ಬರೆದಿತ್ತು: ಬಾಗಿಲು ಬೀಗ, ಸೂಚನೆ ಕೊಡಲಾಗಿದೆ, ಪಡೆದುಕೊಂಡಿಲ್ಲ. ನಾನಿರುವ ಮನೆಯ ಮುಂಬಾಗಿಲಿಗೆ ಹೋದ ಲಕೋಟೆ ಊರು ಸುತ್ತಿ ಅದೇ ಮನೆಯ ಹಿಂಬಾಗಿಲಿಗೆ ಬಂದಿತ್ತು. ವಕೀಲೆ ಗಾಬರಿಯಾಗಲಿಲ್ಲ. ಸರಿಯಾದ ವಿಳಾಸ ಬರೆದು ರಿಜಿಸ್ಟರ್ ಮಾಡಿ ಕಳಿಸಿದ ಪತ್ರ ತಲುಪಿದೆ ಎಂದೇ ಕಾನೂನು ಭಾವಿಸುತ್ತದೆ, ಇನ್ನೊಂದು ಪ್ರತಿಯನ್ನು ಬಾಗಿಲಿಗೆ ಅಂಟಿಸಿ ಎಂದರು. ಅಂಟಿಸಿದೆ. ನನ್ನದೇ ಬಾಗಿಲಿಗೆ, ನನ್ನದೇ ಗೋಂದಿನಲ್ಲಿ.

ದಾವೆ ಹೂಡುವ ಮೊದಲು ಸಂಧಾನಕ್ಕೆ ಕೂತೆವು. 2025ರ ಜನವರಿ. ಅಲ್ಲಿಯೇ ನಾನು ಸೋತದ್ದು.

ನೆಲದ ಬಿರುಕಿನ ಮಾತು ಬಂತು. 'ಅದು ಮೊದಲೇ ಇತ್ತು, ಐವತ್ತು ವರ್ಷ ದಾಟಿದ ನೆಲ, ಬಿರುಕು ಬಿಡದೆ ಇರುತ್ತದೆಯೇ?' ಎಂದರು ಬಾಡಿಗೆದಾರರು. ತೊಲೆ ಕಪ್ಪಾದದ್ದೂ ಹಳೆಯದಂತೆ, ನಮ್ಮ ಅಮ್ಮನ ಸೌದೆ ಒಲೆಯದಂತೆ. ನನ್ನ ಬಾಯಿ ಕಟ್ಟಿತು. ಸಂಧಾನಕಾರರು ಒಪ್ಪಂದ ಪತ್ರ ಕೇಳಿದರು. ನಾವು ಅದನ್ನು ಮಾಡಿಸಿದ್ದು ನ್ಯಾಯಾಲಯದ ಬಳಿಯ ಬೆರಳಚ್ಚಿನ ಅಂಗಡಿಯೊಂದರಲ್ಲಿ. ಅಲ್ಲಿ ಎಲ್ಲರಿಗೂ ಒಂದೇ ನಮೂನೆ, ಹೆಸರು ಮತ್ತು ಮೊತ್ತ ಬದಲಾಯಿಸಿ ಅಚ್ಚು ತೆಗೆದುಕೊಡುತ್ತಾರೆ. ಸ್ವತ್ತಿನ ವಿವರ ಎಂಬ ಕಡೆ ಹೀಗಿತ್ತು: ಒಂದು ಹಾಲ್, ಎರಡು ರೂಮು, ಅಡುಗೆಮನೆ, ಬಚ್ಚಲು, ಮೂರು ಫ್ಯಾನ್, ನಾಲ್ಕು ಟ್ಯೂಬ್‌ಲೈಟ್. ಜೊತೆಗೆ, ಎಲ್ಲವನ್ನೂ ಸುಸ್ಥಿತಿಯಲ್ಲಿ ಬಿಟ್ಟುಕೊಡತಕ್ಕದ್ದು.

ಮೂರು ಫ್ಯಾನೂ ಸುಸ್ಥಿತಿಯಲ್ಲೇ ಇದ್ದವು. ನಾಲ್ಕು ಟ್ಯೂಬ್‌ಲೈಟೂ ಉರಿಯುತ್ತಿದ್ದವು. ನೆಲದ ಸುದ್ದಿ ಒಂದಕ್ಷರವಿಲ್ಲ. ಅಪ್ಪ ಅಡ್ಡಪಟ್ಟಿ ಕಟ್ಟಿ ಕಾದ ನೆಲವನ್ನು ನಾನು ಆ ಪತ್ರದಲ್ಲಿ ಒಂದು ಟ್ಯೂಬ್‌ಲೈಟಿನಷ್ಟೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಕೊಡುವ ಮೊದಲು ತೆಗೆದ ಒಂದು ಫೋಟೊ ಕೂಡ ನನ್ನ ಮೊಬೈಲಿನಲ್ಲಿರಲಿಲ್ಲ. ಗುಲಾಬಿ ಹೂವಿನ ಶುಭೋದಯದ ಚಿತ್ರಗಳು ಮಾತ್ರ ಸಾವಿರ ಇದ್ದವು.

ಕೊನೆಗೆ ಆದ ಒಪ್ಪಂದ ಇಷ್ಟು: ಫೆಬ್ರುವರಿ ಕೊನೆಗೆ ಮನೆ ಖಾಲಿ, ಯಾರೂ ಯಾರಿಗೂ ಏನೂ ಕೊಡಬೇಕಿಲ್ಲ. ಆರು ತಿಂಗಳ ಬಾಡಿಗೆ 84,000 ಅಡ್ವಾನ್ಸಿನಲ್ಲಿ ಕಳೆದು ನನ್ನ ಕೈಯಲ್ಲಿ ಉಳಿದದ್ದು 16,000. ತೊಲೆ, ಕಿಟಕಿ, ಕೊಳವೆ, ಗೋಡೆ, ನೆಲ ಸೇರಿ ರಿಪೇರಿಗೆ ಬಿದ್ದದ್ದು 91,500. ಅವರು ಹೋಗುವ ದಿನ ಆಕೆ ಹಿಂಬಾಗಿಲಿಗೆ ಬಂದು ಅರ್ಧ ಕೆ.ಜಿ. ಸಾಂಬಾರು ಪುಡಿಯ ಪೊಟ್ಟಣ ಇಟ್ಟು, ಮಾತಾಡದೆ ಹೋದಳು. ಎರಡು ತಿಂಗಳು ಅದನ್ನು ಮುಟ್ಟಲಿಲ್ಲ. ಆಮೇಲೆ ಬಳಸಿದೆ.

ಕೆಂಪು ನೆಲದ ಕೆಲಸ ಬಲ್ಲವರು ಈಗ ಸಿಗುವುದಿಲ್ಲ. ಟೈಲ್ಸ್ ಹಾಕಿಬಿಡಿ ಅಮ್ಮ ಎಂದವರೇ ಎಲ್ಲ. ಕೊನೆಗೆ ನಂಜನಗೂಡಿನ ಕಡೆಯ ಹಿರಿಯರೊಬ್ಬರು ಬಂದು, ಬಿರುಕಿನುದ್ದಕ್ಕೂ ಕೊರೆದು ತುಂಬಿ, ತೀಡಿ ಕೊಟ್ಟರು. ಹಳೆಯ ಬಣ್ಣಕ್ಕೆ ಹೊಸದು ಕೂಡುವುದಿಲ್ಲ ಎಂದು ಮೊದಲೇ ಹೇಳಿದ್ದರು. ಕೂಡಲಿಲ್ಲ.

ಈಗ ನಾಚಿಕೆಯ ವಿಷಯಕ್ಕೆ ಬರುತ್ತೇನೆ. 2016ರಲ್ಲಿ ಇದೇ ಮನೆಯನ್ನು ಬಿಟ್ಟುಹೋದ ದಂಪತಿ ಐದು ವರ್ಷ ಇದ್ದವರು. ಒಂದು ಮೊಳೆ ಹೊಡೆಯಲೂ ಕೇಳುತ್ತಿದ್ದರು. ಅವರ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ 8,000 ರೂಪಾಯಿಯನ್ನು ಬಣ್ಣಕ್ಕೆಂದು ಹಿಡಿದುಕೊಂಡೆ. ಎಲ್ಲರೂ ಹಿಡಿಯುತ್ತಾರೆ, ನಾನೂ ಹಿಡಿದೆ. ಆಕೆ, 'ಐದು ವರ್ಷಕ್ಕೆ ಬಣ್ಣ ತಾನೇ ಮಾಸುತ್ತದಲ್ಲ ಆಂಟಿ' ಎಂದಿದ್ದಳು. ಅದು ಪದ್ಧತಿ ಎಂದಿದ್ದೆ. ವಕೀಲೆ ಸಹಜ ಸವೆತ ಎಂದು ಓದಿದಾಗ ನನಗೆ ನೆನಪಾದದ್ದು ಆ ಮಾತು. ಮೆಣಸಿನಪುಡಿಯವರಿಂದ ನಾನು ಯಾವ ನ್ಯಾಯ ಕೇಳಲು ಹೊರಟಿದ್ದೆನೋ ಅದೇ ಕಲಮಿನ ಅದೇ ಸಾಲು ನನ್ನನ್ನೂ ತಪ್ಪಿತಸ್ಥಳೆಂದು ಹೇಳುತ್ತಿತ್ತು. ಹಾಗಾಗಿ ಕಳೆದ ವಾರದ ಪತ್ರ ಬರೆದವರೇ, ನಿಮ್ಮ ಎರಡು ತಿಂಗಳ ಬಾಡಿಗೆಯ ವಿಷಯದಲ್ಲಿ ನೀವು ಹೇಳಿದ್ದು ಸರಿ. ಇಟ್ಟಿಗೆಯ ವಿಷಯದಲ್ಲಿ ಮಾತ್ರ ನನ್ನ ತಕರಾರಿದೆ.

ಸವೆದದ್ದು ಯಾವುದು, ಕೆಡಿಸಿದ್ದು ಯಾವುದು ಎಂದು ಮನೆ ಕೊಡುವ ದಿನವೇ ಬರೆದಿಟ್ಟುಕೊಳ್ಳದೆ, ಬಿಡುವ ದಿನ ಕಿತ್ತಾಡುವುದು ನಮ್ಮ ರೂಢಿ. ಬಲವಿದ್ದವರು ಗೆಲ್ಲುತ್ತಾರೆ, ಅಡ್ವಾನ್ಸ್ ಕೈಯಲ್ಲಿದ್ದರೆ ಮಾಲೀಕ, ಬೀಗದ ಕೈ ಕೈಯಲ್ಲಿದ್ದರೆ ಬಾಡಿಗೆದಾರ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಕೊನೆಯಲ್ಲಿ ಒಂದು ಅನುಸೂಚಿ ಇದೆ, ಓದಿ ನೋಡಿ. ಸುಣ್ಣಬಣ್ಣ, ವಿದ್ಯುತ್ ತಂತಿಜಾಲ, ಕೊಳವೆ ಬದಲಾಯಿಸುವುದು ಮಾಲೀಕರ ಪಾಲು. ನಲ್ಲಿಯ ವಾಷರ್, ಸ್ವಿಚ್ಚು, ಕಿಟಕಿಯ ಗಾಜು, ಬಾಗಿಲ ಚಿಲಕ ಬಾಡಿಗೆದಾರರ ಪಾಲು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ ಎಂಬುದೂ ಅದರಲ್ಲಿದೆ. ಅದು ನನ್ನಂಥವರಿಗೆ ಹಿಡಿಸುವುದಿಲ್ಲ, ಇರಲಿ. ಮನೆ ಬಾಡಿಗೆ ರಾಜ್ಯಗಳ ವಿಷಯವಾದ್ದರಿಂದ ಆ ಮಾದರಿ ಮಾದರಿಯಷ್ಟೇ. ಆದರೆ ಆ ಅನುಸೂಚಿಯ ಒಂದು ಪುಟವನ್ನು ಕನ್ನಡದಲ್ಲಿ ಅಚ್ಚು ಮಾಡಿ ಒಪ್ಪಂದದ ಜೊತೆ ಪಿನ್ ಹೊಡೆಯಲು ಯಾವ ಕಾಯ್ದೆಗೂ ಕಾಯಬೇಕಾಗಿಲ್ಲ. ಬೆರಳಚ್ಚಿನ ಅಂಗಡಿಯವರು ಮನಸ್ಸು ಮಾಡಿದರೆ ಸಾಕು. ನಿಮ್ಮ ಪತ್ರಿಕೆ ಅಂಥದೊಂದು ನಮೂನೆಯನ್ನು ಒಮ್ಮೆ ಪೂರ್ತಿ ಪುಟದಲ್ಲಿ ಪ್ರಕಟಿಸಿದರೆ ಕತ್ತರಿಸಿ ಇಟ್ಟುಕೊಳ್ಳುವವರು ಸಾವಿರಾರು ಮಂದಿ ಸಿಗುತ್ತಾರೆ. ಇದೇ ನನ್ನ ಕೋರಿಕೆ.

ಕಳೆದ ತಿಂಗಳು ಹೊಸಬರು ಬಂದರು, ತಾಯಿ ಮತ್ತು ಕಾಲೇಜಿಗೆ ಹೋಗುವ ಮಗಳು. ಸಾಮಾನು ಇಳಿಸುವ ಮೊದಲು ಮೂವರೂ ಖಾಲಿ ಮನೆಯಲ್ಲಿ ಸುತ್ತಾಡಿದೆವು. ಹುಡುಗಿ ಫೋಟೊ ತೆಗೆದಳು, 64 ಆದವು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬಚ್ಚಲ ಕಟ್ಟೆಯ ಅಂಚು ಒಡೆದಿರುವುದನ್ನು ನಾನೇ ಕಂಡಿರಲಿಲ್ಲ, ಅವರ ತಾಯಿ ತೋರಿಸಿದರು. ಅದನ್ನೂ ಬರೆದು ಇಬ್ಬರೂ ಸಹಿ ಹಾಕಿದೆವು. ನಡುಮನೆಗೆ ಬಂದಾಗ ಹುಡುಗಿ ಬಗ್ಗಿ, ತೇಪೆ ಹಾಕಿದ ಆ ಆರು ಅಡಿಯ ಮೇಲೆ ಕೈಯಾಡಿಸಿ, 'ಇದೇನು ಅಜ್ಜಿ, ನದಿಯ ಹಾಗಿದೆ?' ಎಂದಳು. ಹನ್ನೆರಡನೆಯ ಫೋಟೊ ಅದು. ಪಕ್ಕದಲ್ಲಿ ಬರೆದಿದ್ದೇನೆ: ಮೊದಲೇ ಇತ್ತು.

2016ರ ಆ ದಂಪತಿ ಈಗ ಎಲ್ಲಿದ್ದಾರೋ ತಿಳಿಯದು. ಅವರು ಕೊಟ್ಟಿದ್ದ ಹಾವೇರಿಯ ಊರಿನ ವಿಳಾಸಕ್ಕೆ ಮನಿ ಆರ್ಡರ್ ಕಳಿಸಿದ್ದೇನೆ. ಇನ್ನೂ ಹಿಂದಕ್ಕೆ ಬಂದಿಲ್ಲ.

ನಿವೃತ್ತ ಅಂಚೆ ಸಹಾಯಕಿ
ಸರಸ್ವತಿಪುರಂ, ಮೈಸೂರು
(ಹೆಸರು ಪ್ರಕಟಿಸಬಾರದೆಂದು ವಿನಂತಿ)